ಬೂದಿಕೋಟೆಯ ತಂತಿ, ಕೊಪ್ಪಳದ ಸುದ್ದಿ

1948ರ ಸೆಪ್ಟೆಂಬರ್ 17ರ ಸಂಜೆ ಹೈದರಾಬಾದಿನ ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಡೆಕ್ಕನ್ ರೇಡಿಯೊದ ಮೈಕಿನ ಮುಂದೆ ಕೂತು ಕದನವಿರಾಮ ಸಾರಿದ. ಅಲ್ಲಿಯವರೆಗೂ ಆತ ರೇಡಿಯೊ ಕೇಂದ್ರದ ಮೆಟ್ಟಿಲು ಹತ್ತಿದವನಲ್ಲ ಎಂದು ಆ ಕಾಲದ ನೆನಪುಗಳು ಹೇಳುತ್ತವೆ. ನಾಲ್ಕು ದಿನಗಳ ಹಿಂದೆ ಭಾರತೀಯ ಸೇನೆ ಸಂಸ್ಥಾನದೊಳಕ್ಕೆ ನುಗ್ಗಿತ್ತು. 17ರಂದೇ ಸಂಸ್ಥಾನದ ಪ್ರಧಾನಿ ಲಾಯಕ್ ಅಲಿ ರಾಜೀನಾಮೆ ಕೊಟ್ಟಿದ್ದ. ನಿಜಾಮನ ಪರ ನಿಂತ ರಜಾಕಾರರ ಬಿರುಸಿನ ಮಾತುಗಳನ್ನು ತಿಂಗಳುಗಟ್ಟಲೆ ಬಿತ್ತರಿಸಿದ್ದ ಕೇಂದ್ರದಿಂದಲೇ ಶರಣಾಗತಿಯ ಸುದ್ದಿಯೂ ಹೊರಬಿತ್ತು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಆಗ ಆ ಸಂಸ್ಥಾನದ ರಾಯಚೂರು ಸೀಮೆಯ ಊರುಗಳು. ಕೊಪ್ಪಳವಂತೂ ಸಾಲಾರ್ ಜಂಗ್ ಮನೆತನದ ಜಹಗೀರು. 1858ರಲ್ಲಿ ಮುಂಡರಗಿ ಭೀಮರಾಯ ಬ್ರಿಟಿಷರಿಗೆ ಎದುರಾಗಿ ಪ್ರಾಣಬಿಟ್ಟ ಕೋಟೆ ಇಲ್ಲಿಯದೇ. ಹೈದರಾಬಾದ್ ವಿಮೋಚನೆಯ ಹೊತ್ತಿಗೆ ಹೋರಾಟಗಾರರು ಸಂಸ್ಥಾನದ ಗಡಿ ದಾಟಿ ಮುಂಬಯಿ ಪ್ರಾಂತದ ಮುಂಡರಗಿಯಲ್ಲಿ ಶಿಬಿರ ಹೂಡಿದರು. ಅದರ ಮುಂದಾಳು ಅಳವಂಡಿಯ ಶಿವಮೂರ್ತಿಸ್ವಾಮಿ. ಮೊದಲ ಲೋಕಸಭೆಗೆ ಕುಷ್ಟಗಿ ಕ್ಷೇತ್ರದಿಂದ ಪಕ್ಷೇತರರಾಗಿ ಗೆದ್ದವರೂ ಇವರೇ. ಶಿಬಿರದ ಸುದ್ದಿ ಹಳ್ಳಿಗೆ ಮುಟ್ಟಬೇಕಾದರೆ ಯಾರಾದರೂ ಹೊತ್ತು ನಡೆಯಬೇಕಿತ್ತು. ನಿಜಾಮನ ಕೈಯಲ್ಲಿ ಪ್ರಸಾರಯಂತ್ರ ಇತ್ತು, ಎದುರು ನಿಂತವರ ಬಳಿ ಇದ್ದದ್ದು ಕಾಲುಗಳು.

ಸ್ವಾತಂತ್ರ್ಯ ಬಂದ ಮೇಲೂ ಪ್ರಸಾರದ ಯಂತ್ರ ಜನರ ಕೈಗೆ ಬರಲಿಲ್ಲ, ಸರ್ಕಾರ ಮಾತ್ರ ಬದಲಾಯಿತು. 1950ರಲ್ಲಿ ಡೆಕ್ಕನ್ ರೇಡಿಯೊ ಆಕಾಶವಾಣಿಗೆ ಸೇರಿತು. ಅದೇ ವರ್ಷ ಧಾರವಾಡ ಕೇಂದ್ರ ಶುರುವಾಯಿತು, 1966ರಲ್ಲಿ ಗುಲಬರ್ಗಾ. ಹೊಲದ ಕೆಲಸಕ್ಕೆ ಹೊರಟವರು ಹವಾಮಾನ ಕೇಳಿದರು, ಕೃಷಿರಂಗ ಕೇಳಿದರು, ಪ್ರದೇಶ ಸಮಾಚಾರ ಕೇಳಿದರು. ಕೇಳುವುದಕ್ಕೂ ಪೋಸ್ಟ್ ಆಫೀಸಿನಲ್ಲಿ ಲೈಸೆನ್ಸ್ ಶುಲ್ಕ ಕಟ್ಟಬೇಕಿತ್ತು. ಆ ಪದ್ಧತಿ ನಿಂತದ್ದು ಎಂಬತ್ತರ ದಶಕದಲ್ಲಿ. ಇನ್ನು ಪ್ರಸಾರ ಮಾಡುವ ಮಾತೆಲ್ಲಿ ಬಂತು? 1885ರ ಟೆಲಿಗ್ರಾಫ್ ಕಾಯ್ದೆ ಮತ್ತು 1933ರ ನಿಸ್ತಂತು ಕಾಯ್ದೆ, ಬ್ರಿಟಿಷರು ದಂಗೆಗೆ ಹೆದರಿ ಕಟ್ಟಿದ ಈ ಎರಡು ಬೇಲಿಗಳನ್ನು ಸ್ವತಂತ್ರ ಭಾರತ ಹಾಗೇ ಉಳಿಸಿಕೊಂಡಿತು.

ಆ ಹೆದರಿಕೆ ಹುಸಿಯಲ್ಲವೆಂದು ಮುಂದೆ ಕಂಡಿತೆನ್ನಿ. 1942ರ ಆಗಸ್ಟ್‌ನಿಂದ ನವೆಂಬರ್ ತನಕ ಉಷಾ ಮೆಹ್ತಾ ಮತ್ತವರ ಗೆಳೆಯರು ಮುಂಬಯಿಯಲ್ಲಿ ಮನೆಯಿಂದ ಮನೆಗೆ ಯಂತ್ರ ಸಾಗಿಸುತ್ತ ಗುಪ್ತ ಕಾಂಗ್ರೆಸ್ ರೇಡಿಯೊ ನಡೆಸಿದ್ದರು. ಪತ್ರಿಕೆಗಳು ಅಚ್ಚುಹಾಕಲಾಗದ ಕ್ವಿಟ್ ಇಂಡಿಯಾ ಚಳವಳಿಯ ಸುದ್ದಿ ಅಲ್ಲಿಂದ ಹೊರಡುತ್ತಿತ್ತು. ಮೊದಲ ಪ್ರಸಾರದ ತಾರೀಖಿನ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ನವೆಂಬರ್ 12ರಂದು ಪೊಲೀಸರು ಬಾಗಿಲು ಮುರಿದು ಒಳಬಂದರು ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ.

ಮೈಸೂರಿನ ಕಥೆ ಇದಕ್ಕಿಂತ ಸೌಮ್ಯ. 1935ರ ಸೆಪ್ಟೆಂಬರ್ 10ರಂದು ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ 30 ವ್ಯಾಟಿನ ಪುಟ್ಟ ಪ್ರಸಾರಯಂತ್ರ ಇಟ್ಟು ಕೇಂದ್ರ ತೆರೆದರು. ಕೆಲ ವರ್ಷಗಳಲ್ಲಿ ಸಂಸ್ಥಾನದ ಸರ್ಕಾರ ಅದನ್ನು ವಹಿಸಿಕೊಂಡಿತು. ‘ಆಕಾಶವಾಣಿ’ ಎಂಬ ಹೆಸರು ಸೂಚಿಸಿದವರು ನಾ. ಕಸ್ತೂರಿ ಎಂದು ಕನ್ನಡಿಗರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ, ಬಂಗಾಳಿಗಳು ರವೀಂದ್ರನಾಥ ಠಾಕೂರರತ್ತ ಕೈ ತೋರಿಸುತ್ತಾರೆ. ಒಬ್ಬ ಮೇಷ್ಟ್ರು ಸ್ವಂತ ದುಡ್ಡಿನಲ್ಲಿ ರೇಡಿಯೊ ನಡೆಸಬಹುದಾದ ಕಾಲವೊಂದು ಈ ನಾಡಿನಲ್ಲಿ ಇತ್ತು ಎಂಬುದು ಹೆಸರಿಗಿಂತ ದೊಡ್ಡ ಸಂಗತಿ.

ಬೇಲಿಗೆ ಮೊದಲ ಬಿರುಕು ಬಿದ್ದದ್ದು ಕ್ರಿಕೆಟ್ಟಿನಿಂದ. 1993ರ ಹೀರೋ ಕಪ್ ಪಂದ್ಯಗಳ ಪ್ರಸಾರದ ಹಕ್ಕನ್ನು ಬಂಗಾಳ ಕ್ರಿಕೆಟ್ ಸಂಸ್ಥೆ ವಿದೇಶಿ ಕಂಪನಿಗೆ ಮಾರಿತು. ದೂರದರ್ಶನ ಸಿಟ್ಟಾಯಿತು, ಕಂಪನಿಯ ಉಪಕರಣಗಳನ್ನು ಕಸ್ಟಮ್ಸ್‌ನವರು ತಡೆದರು, ಜಗಳ ಸುಪ್ರೀಂ ಕೋರ್ಟ್ ಹತ್ತಿತು. 1995ರ ಫೆಬ್ರುವರಿ 9ರಂದು ನ್ಯಾಯಮೂರ್ತಿಗಳಾದ ಪಿ.ಬಿ. ಸಾವಂತ್, ಎಸ್. ಮೋಹನ್ ಮತ್ತು ಬಿ.ಪಿ. ಜೀವನ್ ರೆಡ್ಡಿ ಅವರ ಪೀಠ ತೀರ್ಪು ಕೊಟ್ಟಿತು: ಗಾಳಿಯಲೆಗಳು ಸಾರ್ವಜನಿಕ ಆಸ್ತಿ, ಅವುಗಳ ಮೇಲೆ ಸರ್ಕಾರದ ಏಕಸ್ವಾಮ್ಯ ಸಲ್ಲದು. ಅರ್ಥ ಮಾಡುವುದರಲ್ಲಿ ಪಂಡಿತರು ಅಂದಿನಿಂದಲೇ ಎರಡು ಹಾದಿ ಹಿಡಿದರು. ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆಯಿತೆಂದು ಮಾರುಕಟ್ಟೆಯ ಪರ ಇದ್ದವರು ಓದಿಕೊಂಡರು. ಆದರೆ ಪ್ರಸಾರ ದುಡ್ಡಿದ್ದವರ ಪಾಲಾಗುವುದೂ ಅಪಾಯವೇ ಎಂದು ಜೀವನ್ ರೆಡ್ಡಿ ತೀರ್ಪಿನಲ್ಲೇ ಎಚ್ಚರಿಸಿದ್ದರು. ಸಮುದಾಯ ರೇಡಿಯೊ ಬೇಕೆಂದವರು ಆ ಎಚ್ಚರಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಮರುವರ್ಷ, 1996ರ ಸೆಪ್ಟೆಂಬರ್‌ನಲ್ಲಿ, ವಾಯ್ಸಸ್ ಎಂಬ ಸಂಸ್ಥೆ ಬೆಂಗಳೂರಿನಲ್ಲಿ ರೇಡಿಯೊದವರು, ನೀತಿ ಬಲ್ಲವರು, ಸ್ವಯಂಸೇವಾ ಸಂಸ್ಥೆಗಳವರು ಎಲ್ಲರನ್ನೂ ಒಂದೆಡೆ ಕೂರಿಸಿತು. ಅಲ್ಲಿ ಹೊರಟ ‘ಬೆಂಗಳೂರು ಘೋಷಣೆ’ ಊರಿನವರೇ ನಡೆಸುವ, ಲಾಭಕ್ಕಲ್ಲದ ಮೂರನೇ ಬಗೆಯ ರೇಡಿಯೊ ಬೇಕೆಂದು ಕೇಳಿತು. ದೇಶದ ಸಮುದಾಯ ರೇಡಿಯೊ ಚಳವಳಿಯ ಇತಿಹಾಸ ಬರೆಯುವವರು ಈ ಸಭೆಯನ್ನು ಬಿಟ್ಟು ಮುಂದೆ ಹೋಗುವುದಿಲ್ಲ. 2000ದ ಜುಲೈನಲ್ಲಿ ಬೀದರಿನ ಗಡಿಗೆ ಅಂಟಿಕೊಂಡ ಜಹೀರಾಬಾದ್ ಸೀಮೆಯ ಪಸ್ತಾಪುರದ ಹೆಸರಿನಲ್ಲಿ ಇನ್ನೊಂದು ಘೋಷಣೆ ಬಂತು.

ಸರ್ಕಾರ ಮೊದಲು ಕಿವಿಗೊಟ್ಟದ್ದು ದುಡ್ಡಿಗೆ. ಹರಾಜಿನಲ್ಲಿ ತರಂಗಾಂತರ ಪಡೆದ ರೇಡಿಯೊ ಸಿಟಿ 2001ರ ಜುಲೈ 3ರಂದು ಬೆಂಗಳೂರಿನಲ್ಲಿ ಪ್ರಸಾರ ಶುರುಮಾಡಿತು. ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರವದು. ರಾಜಧಾನಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರಿಗೆ ದಿನವಿಡೀ ಹಾಡು ಕೇಳತೊಡಗಿದ ಅದೇ ಹೊತ್ತಿಗೆ ಕೋಲಾರ ಜಿಲ್ಲೆ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ ಇನ್ನೊಂದು ತರಹದ ರೇಡಿಯೊ ಕಣ್ಣುಬಿಡುತ್ತಿತ್ತು.

ಬೂದಿಕೋಟೆ ಹೈದರ್ ಅಲಿ ಹುಟ್ಟಿದ ಊರೆಂದು ಪ್ರಸಿದ್ಧ. ಮಳೆ ಕಡಿಮೆ, ಬೋರ್‌ವೆಲ್ ಆಳ, ಕನ್ನಡ-ತೆಲುಗು ಬೆರೆತ ಮಾತು. ಮೈರಾಡ ಸಂಸ್ಥೆ ಕಟ್ಟಿದ ಮಹಿಳಾ ಸ್ವಸಹಾಯ ಸಂಘಗಳು ಅಲ್ಲಿ ಮೊದಲೇ ಬೇರೂರಿದ್ದವು. ವಾಯ್ಸಸ್ ಮತ್ತು ಯುನೆಸ್ಕೊ ಜತೆಗೂಡಿ ಒಂದು ಸಣ್ಣ ಸ್ಟುಡಿಯೊ ಎದ್ದಿತು, ‘ನಮ್ಮ ಧ್ವನಿ’ ಎಂದು ಹೆಸರಾಯಿತು. ಊರಿನ ಹುಡುಗ ಹುಡುಗಿಯರು ರೆಕಾರ್ಡರ್ ಹಿಡಿಯುವುದು, ಮಾತು ಕತ್ತರಿಸಿ ಜೋಡಿಸುವುದು ಕಲಿತರು. ಆದರೆ ಪ್ರಸಾರ ಮಾಡುವುದು ಹೇಗೆ? ಪರವಾನಗಿ ಇಲ್ಲದೆ ಅರ್ಧ ವ್ಯಾಟಿನ ಯಂತ್ರ ಇಟ್ಟರೂ ಅಪರಾಧ.

ಅವರು ಹುಡುಕಿದ ದಾರಿ ತಂತಿಯದು. ಅಲೆಗಳಿಗೆ ಪರವಾನಗಿ ಬೇಕು, ಟಿ.ವಿ. ಕೇಬಲ್ಲಿಗೆ ಆ ಕಾಯ್ದೆಯ ಕಾಟವಿಲ್ಲ. ಊರಿನ ಕೇಬಲ್ ಆಪರೇಟರನನ್ನು ಒಪ್ಪಿಸಿ ಒಂದು ಚಾನೆಲ್ಲಿನಲ್ಲಿ ಬರೀ ಧ್ವನಿ ಹರಿಸಿದರು. ಮನೆಯಲ್ಲಿ ಟಿ.ವಿ. ಹಾಕಿ ಆ ಚಾನೆಲ್ ತಿರುಗಿಸಿದರೆ ಪರದೆಯ ಮೇಲೆ ಚಿತ್ರವಿಲ್ಲ, ನೆರೆಮನೆಯವರ ದನಿ ಮಾತ್ರ. ಕೇಬಲ್ ಮುಟ್ಟದ ಕಡೆ ಸಂಘದ ಸಭೆಯಲ್ಲಿ ಟೇಪ್ ಹಾಕಿ ಕೇಳಿಸಿದರು. ಏನನ್ನು ಪ್ರಸಾರ ಮಾಡಬೇಕು ಎಂದು ತೀರ್ಮಾನಿಸುತ್ತಿದ್ದುದು ಸಂಘಗಳ ಪ್ರತಿನಿಧಿಗಳೇ ಇದ್ದ ಸಮಿತಿ.

ಬೂದಿಕೋಟೆಯ ಬಗ್ಗೆ ಬರೆದವರೆಲ್ಲ ಮತ್ತೆ ಮತ್ತೆ ಹೇಳುವುದು ನಲ್ಲಿ ನೀರಿನ ಪ್ರಸಂಗ. ಕುಡಿಯುವ ನೀರು ನಿಂತುಹೋಗಿ ಹೆಂಗಸರು ಬಿಂದಿಗೆ ಹಿಡಿದು ಅಲೆಯುವಂತಾದಾಗ, ಕೇಂದ್ರದ ವರದಿಗಾರ್ತಿ ಅವರ ದೂರನ್ನು ಅವರದೇ ಮಾತಿನಲ್ಲಿ ರೆಕಾರ್ಡ್ ಮಾಡಿ ಪ್ರಸಾರಕ್ಕೆ ಬಿಟ್ಟಳು. ಎರಡು ಮೂರು ದಿನದೊಳಗೆ ನೀರು ಬಂತು. ಅರ್ಜಿಯ ಕಾಗದ ಕಡತದೊಳಗೆ ಸೇರಿದರೆ ಕೇಳುವವರಿಲ್ಲ. ಪಂಚಾಯಿತಿ ಸದಸ್ಯನ ಮನೆಯ ಟಿ.ವಿ.ಯೊಳಗಿಂದಲೇ ಬೀದಿಯ ಹೆಂಗಸಿನ ಬೈಗುಳ ಕೇಳಿಬಂದರೆ ಕಥೆಯೇ ಬೇರೆ. ಇದು ಸುದ್ದಿ ಹೌದೋ ಅಲ್ಲವೋ ಎಂದು ಆಗ ಯಾರೂ ಕೇಳಲಿಲ್ಲ. ತಂತಿಯಲ್ಲಿ ಹೋದ ಮಾತಿಗೆ ದಿಲ್ಲಿಯ ಯಾವ ಷರತ್ತೂ ಅನ್ವಯಿಸುತ್ತಿರಲಿಲ್ಲ.

ತಂತಿ ಬಿಟ್ಟು ಅಲೆ ಹಿಡಿದವರ ಗತಿ ಆಂಧ್ರದ ಕರ್ನೂಲು ಜಿಲ್ಲೆಯಲ್ಲಿ ಕಾಣಿಸಿತು. ಓರ್ವಕಲ್ಲಿನ ಮಹಿಳಾ ಸಂಘದವರು 2002ರ ಕೊನೆಯಲ್ಲಿ ಅಗ್ಗದ ಅರ್ಧ ವ್ಯಾಟಿನ ಯಂತ್ರ ಇಟ್ಟು ‘ಮನ ರೇಡಿಯೊ’ ಶುರುಮಾಡಿದರು. ಊರಿನ ಆಚೆಗೆ ಕೇಳದಷ್ಟು ದುರ್ಬಲ ಪ್ರಸಾರ. ಆದರೂ 2003ರ ಆರಂಭದಲ್ಲಿ ಅಧಿಕಾರಿಗಳು ಬಂದು ಅದನ್ನು ಮುಚ್ಚಿಸಿದರು. ಬಿಹಾರದ ಮನ್ಸೂರ್‌ಪುರದಲ್ಲಿ ರೇಡಿಯೊ ರಿಪೇರಿ ಅಂಗಡಿಯ ಯುವಕನೊಬ್ಬ ಬಿದಿರು ಕಂಬಕ್ಕೆ ಆಂಟೆನಾ ಕಟ್ಟಿ ನಡೆಸುತ್ತಿದ್ದ ಕೇಂದ್ರವೂ 2006ರಲ್ಲಿ ಹೀಗೇ ಮುಚ್ಚಿತು.

ದಿಲ್ಲಿ ಮಾತ್ರ ಹೆಜ್ಜೆ ಎಣಿಸಿ ನಡೆಯಿತು. 2002ರ ಡಿಸೆಂಬರ್‌ನಲ್ಲಿ ಪ್ರತಿಷ್ಠಿತ ಶಿಕ್ಷಣ ಸಂಸ್ಥೆಗಳಿಗೆ ಅನುಮತಿ ಕೊಡಲು ಒಪ್ಪಿತು. 2004ರ ಫೆಬ್ರುವರಿಯಲ್ಲಿ ಚೆನ್ನೈಯ ಅಣ್ಣಾ ವಿಶ್ವವಿದ್ಯಾಲಯ ಮೊದಲ ಕ್ಯಾಂಪಸ್ ರೇಡಿಯೊ ತೆರೆಯಿತು. ಕ್ಯಾಂಪಸ್ಸಿನ ಕಾಂಪೌಂಡ್ ದಾಟಿ ಹಳ್ಳಿಯ ಸಂಘಗಳಿಗೂ ಅವಕಾಶ ಸಿಕ್ಕಿದ್ದು 2006ರ ನವೆಂಬರ್ 16ರಂದು, ಕೇಂದ್ರ ಸಂಪುಟ ಹೊಸ ನೀತಿಗೆ ಒಪ್ಪಿಗೆ ಕೊಟ್ಟಾಗ. ಮೂರು ವರ್ಷ ಕೆಲಸ ಮಾಡಿದ ನೋಂದಾಯಿತ ಸಂಸ್ಥೆ ಅರ್ಜಿ ಹಾಕಬಹುದು, ಪ್ರಸಾರ ಶಕ್ತಿ 100 ವ್ಯಾಟ್, ಆಂಟೆನಾ 30 ಮೀಟರ್, ಕನಿಷ್ಠ ಅರ್ಧದಷ್ಟು ಕಾರ್ಯಕ್ರಮ ಸ್ಥಳೀಯವಾಗಿ ತಯಾರಾಗಬೇಕು. ಹತ್ತು ವರ್ಷದ ಹೋರಾಟ ಗೆದ್ದಿತು. ಗೆದ್ದ ಕಾಗದದಲ್ಲೇ ಒಂದು ಷರತ್ತೂ ಕೂತಿತ್ತು: ಸುದ್ದಿ, ಪ್ರಚಲಿತ ವಿದ್ಯಮಾನ ಮತ್ತು ರಾಜಕೀಯ ಸ್ವರೂಪದ ಕಾರ್ಯಕ್ರಮಗಳನ್ನು ಪ್ರಸಾರ ಮಾಡುವಂತಿಲ್ಲ.

ನೀತಿ ಬಂದ ಮೇಲೆ ಕೇಂದ್ರಗಳು ಒಂದೊಂದಾಗಿ ಎದ್ದವು. ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸ್ಟುಡಿಯೊ ತೊಂಬತ್ತರ ದಶಕದಿಂದಲೂ ಸಿದ್ಧವಾಗಿ ಪರವಾನಗಿಗೆ ಕಾದಿತ್ತು. ಕೊನೆಗೆ 2008ರ ಅಕ್ಟೋಬರ್ 15ರಂದು ‘ಸಂಘಂ ರೇಡಿಯೊ’ ಪ್ರಸಾರ ಆರಂಭಿಸಿತು. ನಡೆಸಿದವರು ಇಬ್ಬರು ದಲಿತ ಮಹಿಳೆಯರು. ಅವರಲ್ಲಿ ಒಬ್ಬರನ್ನು ಜನ ‘ಜನರಲ್ ನರಸಮ್ಮ’ ಎಂದೇ ಕರೆಯುತ್ತಾರೆ. ಉದ್ಘಾಟನೆಗೆ ಬಂದವರು ಗಾಳಿಯಲೆ ಜನರ ಆಸ್ತಿ ಎಂದು ಬರೆದ ಅದೇ ನ್ಯಾಯಮೂರ್ತಿ ಸಾವಂತ್. ತೀರ್ಪಿಗೂ ಆ ಪುಟ್ಟ ಕಟ್ಟಡಕ್ಕೂ ನಡುವೆ ಹದಿಮೂರು ವರ್ಷ ಕಳೆದಿದ್ದವು. ಇದಕ್ಕೆಲ್ಲ ದಾರಿ ತೋರಿದ ಬೂದಿಕೋಟೆ ಪರವಾನಗಿಗಾಗಿ ಇನ್ನೂ ಕಾಯಬೇಕಾಯಿತು. ಇದೊಂದು ಚೋದ್ಯ.

ಕರ್ನಾಟಕದಲ್ಲಿ 2007ರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ರೇಡಿಯೊ, ಬೆಂಗಳೂರಿನಲ್ಲಿ 90.4ರ ರೇಡಿಯೊ ಆ್ಯಕ್ಟಿವ್ ಬಂದವು. ಮುಂದೆ ಎಚ್.ಡಿ. ಕೋಟೆ ಸೀಮೆಯ ಸರಗೂರಿನಲ್ಲಿ ‘ಜನಧ್ವನಿ’ ಶುರುವಾಯಿತು. ರೇಡಿಯೊ ಆ್ಯಕ್ಟಿವ್ ಲಿಂಗತ್ವ ಅಲ್ಪಸಂಖ್ಯಾತ ಸಮುದಾಯದ ಪ್ರಿಯಾಂಕಾ ಅವರನ್ನು ನಿರೂಪಕಿಯಾಗಿ ಕೂರಿಸಿತು. ಚಿಂದಿ ಆಯುವವರ ಕೈಗೂ ಮೈಕ್ ಕೊಟ್ಟಿತು. ಸುದ್ದಿ ಎಂಬ ಹಣೆಪಟ್ಟಿ ಹಚ್ಚದೆ ಹಕ್ಕಿನ ಮಾತನ್ನು ಸಂದರ್ಶನ, ಹರಟೆ, ಅನುಭವ ಕಥನದ ರೂಪದಲ್ಲಿ ದಾಟಿಸುವ ಕಲೆಯನ್ನು ಈ ಕೇಂದ್ರಗಳು ಚೆನ್ನಾಗಿ ಕಲಿತವು.

ಈ ಕೇಂದ್ರಗಳು ನಿಜಕ್ಕೂ ಯಾರವು ಎಂಬ ತಕರಾರು ವಿದ್ವಾಂಸರಲ್ಲಿದೆ. ಹೈದರಾಬಾದ್ ವಿಶ್ವವಿದ್ಯಾಲಯದ ವಿನೋದ್ ಪಾವರಾಲ ಮತ್ತು ಕಾಂಚನ್ ಮಲಿಕ್ 2007ರಲ್ಲಿ ತಂದ ಪುಸ್ತಕ ಬೂದಿಕೋಟೆ, ಪಸ್ತಾಪುರ ಮೊದಲಾದ ಪ್ರಯೋಗಗಳನ್ನು ಹತ್ತಿರದಿಂದ ನೋಡಿದೆ. ದೊಡ್ಡ ಸ್ವಯಂಸೇವಾ ಸಂಸ್ಥೆಯ ಹಣ ನಿಂತರೆ ಊರಿನ ಸಮಿತಿ ಕೇಂದ್ರವನ್ನು ಉಳಿಸಿಕೊಂಡೀತೆ, ಕಾಲೇಜು ಆವರಣದ ರೇಡಿಯೊವನ್ನು ಸಮುದಾಯದ್ದು ಎನ್ನಬಹುದೆ ಎಂಬುವು ಇಂದಿಗೂ ಜೀವಂತ ಪ್ರಶ್ನೆಗಳು. ಈ ಲೇಖನದ ಮಟ್ಟಿಗೆ ಹೇಳುವುದಾದರೆ, ಹಣದ ಪ್ರಶ್ನೆಗಿಂತ ಸುದ್ದಿಯ ಷರತ್ತು ಹೆಚ್ಚು ಪೆಟ್ಟು ಕೊಟ್ಟಿದೆ.

ಪೆಟ್ಟಿನ ಲೆಕ್ಕ ತಿಳಿಯಲು ಕೊಪ್ಪಳದ ಕಡೆ ತಿರುಗಬೇಕು. 1997ರಲ್ಲಿ ರಾಯಚೂರಿನಿಂದ ಬೇರೆಯಾದ ಈ ಜಿಲ್ಲೆಯಲ್ಲಿ ಗಂಗಾವತಿಯದು ತುಂಗಭದ್ರಾ ಎಡದಂಡೆಯ ಭತ್ತದ ಸೀಮೆ. ಕುಷ್ಟಗಿ, ಯಲಬುರ್ಗಾ ಮಳೆಯನ್ನೇ ನಂಬಿದ ಒಣಭೂಮಿ, ಸುಗ್ಗಿ ಮುಗಿದರೆ ಗುಳೆ ಹೋಗುವ ಜನ. ಎಫ್‌ಎಂ ಅಲೆ ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಸಾಗುತ್ತದೆ. ಆನೆಗೊಂದಿಯ ಬಂಡೆಗುಡ್ಡ ಅಡ್ಡ ನಿಂತರೆ ಆಚೆಗೆ ಕೇಳಿಸುವುದು ಕಷ್ಟ. 100 ವ್ಯಾಟಿನ ಕೇಂದ್ರದ ಕೂಗಳತೆ ಹತ್ತು ಹದಿನೈದು ಕಿಲೋಮೀಟರ್. ಆದ್ದರಿಂದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕಕ್ಕೂ ಒಂದೇ ಕೇಂದ್ರ ಸಾಲದು, ಬೇಕಾದ ಸುದ್ದಿಯೂ ಒಂದೇ ಅಲ್ಲ.

2014ರ ಆಗಸ್ಟ್ 28ರಂದು ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಕೇರಿಗೆ ಬೆಂಕಿ ಬಿತ್ತು. ಗಂಗಾವತಿಯ ಚಿತ್ರಮಂದಿರದಲ್ಲಿ ಟಿಕೆಟ್ ವಿಚಾರಕ್ಕೆ ಹತ್ತಿದ ಜಗಳ ಅದಕ್ಕೆ ನೆಪ. ಬೇರು ಇದ್ದದ್ದು ಕ್ಷೌರದಂಗಡಿ ಮತ್ತು ಹೋಟೆಲಿನ ಹೊಸ್ತಿಲಲ್ಲಿ. ತಮಗೆ ಅಲ್ಲಿ ಪ್ರವೇಶವಿಲ್ಲವೆಂದು ದಲಿತರು ಪ್ರಶ್ನಿಸತೊಡಗಿದ್ದರು. ಮೊಕದ್ದಮೆ ಹತ್ತು ವರ್ಷ ನಡೆಯಿತು. 2024ರ ಅಕ್ಟೋಬರ್ 24ರಂದು ಕೊಪ್ಪಳದ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯ 98 ಮಂದಿಗೆ ಜೀವಾವಧಿ, ಮೂವರಿಗೆ ಐದು ವರ್ಷದ ಶಿಕ್ಷೆ ವಿಧಿಸಿದಾಗ ದೇಶದ ಪತ್ರಿಕೆಗಳು ಮರಕುಂಬಿಯ ಹೆಸರನ್ನು ಮುಖಪುಟಕ್ಕೆ ತಂದವು. ಮರುತಿಂಗಳು ಹೈಕೋರ್ಟಿನ ಧಾರವಾಡ ಪೀಠದಿಂದ ಹೆಚ್ಚಿನವರಿಗೆ ಜಾಮೀನು ಸಿಕ್ಕಿತು. ತೀರ್ಪು, ಜಾಮೀನು ಎರಡೂ ಸುದ್ದಿಯೇ. ಸಾಕ್ಷಿ ಹೇಳಲು ಕೋರ್ಟಿಗೆ ಅಲೆದವರು ನಡುವಿನ ಹತ್ತು ವರ್ಷ ಹೇಗೆ ಬದುಕಿದರು ಎಂಬುದಕ್ಕೆ ರಾಜಧಾನಿಯ ಮಾಧ್ಯಮದಲ್ಲಿ ಜಾಗ ಕಡಿಮೆ.

2021ರ ಸೆಪ್ಟೆಂಬರ್‌ನಲ್ಲಿ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ಮಳೆ ಬಂತೆಂದು ಪುಟ್ಟ ದಲಿತ ಮಗುವೊಂದು ಹನುಮಂತನ ಗುಡಿಯೊಳಗೆ ಓಡಿತು. ಗುಡಿ ಶುದ್ಧಿಗೆಂದು ಅದರ ಅಪ್ಪನ ಮೇಲೆ ಸಾವಿರಾರು ರೂಪಾಯಿ ದಂಡದ ಮಾತು ಬಂತು. ಸುದ್ದಿ ಹೊರಬಿದ್ದ ಮೇಲೆ ಕೆಲವರ ಬಂಧನವಾಯಿತು, ಅಧಿಕಾರಿಗಳು ಊರಿಗೆ ಧಾವಿಸಿ ಜಾಗೃತಿ ಸಭೆ ನಡೆಸಿದರು. 2025ರ ಫೆಬ್ರುವರಿ 24ರಂದು ಕೊಪ್ಪಳ ನಗರಕ್ಕೆ ಅಂಟಿಕೊಂಡಂತೆ ಬರಲಿದ್ದ ಬೃಹತ್ ಉಕ್ಕಿನ ಕಾರ್ಖಾನೆಯ ವಿರುದ್ಧ ನಗರ ಬಂದ್ ಆಯಿತು. ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರೇ ಬೀದಿಗಿಳಿದರು, ಜಾತ್ರೆಯಂತೆ ಜನ ಸೇರಿದರು. ಹೊಗೆ, ಬೂದಿಯೊಂದಿಗೆ ಬದುಕುತ್ತಿರುವ ಸುತ್ತಲಿನ ಹಳ್ಳಿಗಳ ಅಳಲು ಆ ದಿನ ವೇದಿಕೆ ಹತ್ತಿತು. ಕಾಮಗಾರಿ ನಿಲ್ಲಿಸಲು ಸೂಚನೆ ಹೊರಟಿತು.

ಈಗ ನಿಯಮದ ಪುಸ್ತಕ ತೆಗೆದು ನೋಡಿ. ಸಮುದಾಯ ರೇಡಿಯೊದಲ್ಲಿ ಜಾತ್ರೆ, ಹವಾಮಾನ, ಪರೀಕ್ಷೆ, ಉದ್ಯೋಗಾವಕಾಶ, ಕರೆಂಟು ಮತ್ತು ನೀರಿನ ವ್ಯತ್ಯಯದ ಪ್ರಕಟಣೆಗೆ ಅಡ್ಡಿಯಿಲ್ಲ. ಇವು ಸುದ್ದಿಯಲ್ಲ ಎಂದು ಸರ್ಕಾರವೇ ಪಟ್ಟಿ ಮಾಡಿದೆ. ಅಂದರೆ ಗವಿಮಠದ ಜಾತ್ರೆಯ ತೇರು ಎಷ್ಟು ಹೊತ್ತಿಗೆ ಎಂದು ಹೇಳಬಹುದು. ಅದೇ ಮಠದ ಸ್ವಾಮೀಜಿ ಕಾರ್ಖಾನೆ ಬೇಡವೆಂದು ಮೆರವಣಿಗೆ ಹೊರಟದ್ದನ್ನು ವರದಿ ಮಾಡಹೋದರೆ ಷರತ್ತು ಅಡ್ಡ ಬರುತ್ತದೆ. ನಾಳೆ ನಲ್ಲಿಗೆ ನೀರಿಲ್ಲ ಎನ್ನಬಹುದು, ಯಾರ ತಪ್ಪಿನಿಂದ ಇಲ್ಲ ಎಂದು ಕೇಳಹೋದರೆ ತಕರಾರು ಎದ್ದೀತು. ತಂತಿಯ ಕಾಲದ ಬೂದಿಕೋಟೆಗೆ ಇದ್ದ ಸ್ವಾತಂತ್ರ್ಯ ಪರವಾನಗಿ ಪಡೆದ ಕೇಂದ್ರಕ್ಕಿಲ್ಲ. ಕೈಯಲ್ಲಿ ಮೊಬೈಲ್ ಇರುವ ಯಾರು ಬೇಕಾದರೂ ನಿಮಿಷದಲ್ಲಿ ಪ್ರತಿಭಟನೆಯ ವಿಡಿಯೊ ಊರಿಗೆಲ್ಲ ಹಂಚುವ ಕಾಲದಲ್ಲಿ, ಹೆಸರು ವಿಳಾಸ ಕೊಟ್ಟು, ಮಾತಿಗೆ ಹೊಣೆ ಹೊತ್ತು ಕೂತ ಕೇಂದ್ರದ ಬಾಯಿಗೆ ಮಾತ್ರ ಬಟ್ಟೆ.

ಈ ನಿರ್ಬಂಧವನ್ನು ಕಾಮನ್ ಕಾಸ್ ಎಂಬ ಸಂಸ್ಥೆ 2013ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿತು. ಪತ್ರಿಕೆ, ಟಿ.ವಿ.ಗೆ ಇಲ್ಲದ ತಡೆ ರೇಡಿಯೊಗೇಕೆ ಎಂಬುದು ಅದರ ವಾದ. ದುರ್ಬಳಕೆಯಾದೀತು, ಭದ್ರತೆಗೆ ಧಕ್ಕೆ ಬಂದೀತು ಎಂಬುದು ಸರ್ಕಾರದ ಉತ್ತರ. 2024ರ ಫೆಬ್ರುವರಿಯಲ್ಲಿ ಹೊಸ ಮಾರ್ಗಸೂಚಿ ಬಂತು. ಗಂಟೆಗೆ 7 ನಿಮಿಷವಿದ್ದ ಜಾಹೀರಾತು 12 ನಿಮಿಷಕ್ಕೆ ಏರಿತು, ಮೊದಲ ಪರವಾನಗಿಯ ಅವಧಿ ಹತ್ತು ವರ್ಷವಾಯಿತು, ಸಲಹಾ ಸಮಿತಿಯಲ್ಲಿ ಅರ್ಧದಷ್ಟು ಮಹಿಳೆಯರು ಇರಬೇಕೆಂದಾಯಿತು. ಒಳ್ಳೆಯ ಬದಲಾವಣೆಗಳೇ. ಸುದ್ದಿಯ ವಿಷಯದಲ್ಲಿ ಮಾತ್ರ ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರ ಬದಲಿಸದೆ ಮರುಪ್ರಸಾರ ಮಾಡುವಷ್ಟಕ್ಕೇ ಅವಕಾಶ ನಿಂತಿದೆ.

ಕುಷ್ಟಗಿಯಲ್ಲೋ ಯಲಬುರ್ಗಾದಲ್ಲೋ ವರ್ಷಗಳಿಂದ ಕೆಲಸ ಮಾಡುತ್ತಿರುವ ನೋಂದಾಯಿತ ಸಂಘಗಳು ಪರವಾನಗಿಗೆ ಅರ್ಜಿ ಹಾಕಲು ಕಾನೂನಿನ ಅಡ್ಡಿಯಿಲ್ಲ. ಹಾಕುವವರು ಸುದ್ದಿಯ ಷರತ್ತು ತೆಗೆಯಿರಿ ಎಂಬ ಮನವಿಯನ್ನೂ ಮಾಹಿತಿ ಮತ್ತು ಪ್ರಸಾರ ಸಚಿವಾಲಯಕ್ಕೆ ಕಳಿಸಲಿ. ಜಿಲ್ಲೆಯ ಸಂಸದರು, ಶಾಸಕರು ಅದಕ್ಕೆ ಸಹಿ ಹಾಕಲಿ.